ಭಾರತದ ನುಡಿಮನೆತನಗಳು

(ಬಾನುಲಿ ಭಾಷಣದ ಬರಹರೂಪ)

ಭಾರತದಲ್ಲಿ ಎಷ್ಟು ಭಾಷೆಗಳಿವೆ? ಶಾಲೆಯ ಹುಡುಗನೂ ಕೇಳಬಹುದಾದ ಈ ಪ್ರಶ್ನೆಗೆ ಕಳೆದ ಒಂದು ಶತಮಾನದಲ್ಲಿ ದೊರೆತಿರುವ ಉತ್ತರಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿರಿಸಿ ನೋಡಿದರೆ ಯಾರಿಗಾದರೂ ಸೋಜಿಗವಾದೀತು. ಸರ್ ಜಾರ್ಜ್ ಗ್ರಿಯರ್ಸನ್ನರ ಭಾಷಾ ಸರ್ವೇಕ್ಷಣೆಯು ೧೯೨೮ರಲ್ಲಿ ಮುಗಿದಾಗ ಲೆಕ್ಕಕ್ಕೆ ಸಿಕ್ಕಿದ್ದವು ೧೭೯ ಭಾಷೆಗಳು ಮತ್ತು ೫೪೪ ಉಪಭಾಷೆಗಳು. ೧೯೬೧ರ ಜನಗಣತಿಯು ೧,೬೫೨ ಮಾತೃಭಾಷೆಗಳ ಹೆಸರುಗಳನ್ನು ಕೊಟ್ಟಿತು. ೨೦೧೧ರ ಜನಗಣತಿಯ ಪ್ರಕಾರ ಭಾಷೆಗಳು ೧೨೧. ಗಣೇಶ ದೇವಿಯವರ ನೇತೃತ್ವದಲ್ಲಿ ೨೦೧೦ರಿಂದ ನಡೆದ ಜನರ ಭಾಷಾ ಸರ್ವೇಕ್ಷಣೆಯು ೭೮೦ ಭಾಷೆಗಳು ಜೀವಂತವಾಗಿವೆಯೆಂದು ಹೇಳಿತು. ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಯನ್ನು ತೆರೆದರೆ ಅಲ್ಲಿ ಕಾಣುವುದು ಕೇವಲ ೨೨.

ದೇಶ ಒಂದೇ. ಆದರೂ ಲೆಕ್ಕ ಇಷ್ಟು ಬಗೆಯಾಗಿರುವುದಕ್ಕೆ ಎಣಿಸಿದವರ ಅಜಾಗರೂಕತೆ ಕಾರಣವಲ್ಲ. ಯಾವುದನ್ನು ಭಾಷೆಯೆಂದು ಕರೆಯಬೇಕು, ಯಾವುದನ್ನು ಮತ್ತೊಂದರ ಕೊಂಬೆಯೆಂದು ತಿಳಿಯಬೇಕು, ಎಷ್ಟು ಜನ ಆಡಿದರೆ ಒಂದು ನುಡಿ ಪಟ್ಟಿಗೆ ಸೇರಲು ಅರ್ಹವಾಗುತ್ತದೆ ಎಂಬ ಪ್ರಶ್ನೆಗಳಿಗೆ ಒಂದೊಂದು ಕಾಲದವರು ಒಂದೊಂದು ಬಗೆಯಲ್ಲಿ ಉತ್ತರ ಹೇಳಿಕೊಂಡಿದ್ದಾರೆ. ಆದುದರಿಂದ ಭಾರತದ ಭಾಷಾವೈವಿಧ್ಯದ ಚರಿತ್ರೆಯೆಂದರೆ ಭಾಷೆಗಳ ಚರಿತ್ರೆ ಮಾತ್ರವಲ್ಲ. ಅವುಗಳನ್ನು ನಾವು ಕಂಡ ಬಗೆಯ, ಕಾಣದೆ ಹೋದ ಬಗೆಯ ಚರಿತ್ರೆಯೂ ಹೌದು.

ಮೊದಲು ಭಾಷಾಕುಟುಂಬವೆಂಬ ಮಾತನ್ನು ಸ್ವಲ್ಪ ವಿಚಾರಿಸೋಣ. ಒಂದೇ ಮೂಲನುಡಿಯಿಂದ ಕವಲೊಡೆದು, ಕಾಲಕ್ರಮದಲ್ಲಿ ಬೇರೆ ಬೇರೆಯಾಗಿ ಬೆಳೆದ ಭಾಷೆಗಳ ಸಮೂಹವನ್ನು ಕುಟುಂಬವೆಂದು ಕರೆಯುತ್ತಾರೆ. ಶಬ್ದಗಳ ಹೊರಗಿನ ಹೋಲಿಕೆಯಿಂದ ಮಾತ್ರವೇ ಈ ನಂಟು ತೀರ್ಮಾನವಾಗುವುದಿಲ್ಲ. ಕನ್ನಡದಲ್ಲಿ ಸಂಸ್ಕೃತದ ಶಬ್ದಗಳು ಹೇರಳವಾಗಿದ್ದರೂ ಕನ್ನಡ ಸಂಸ್ಕೃತದ ಮಗಳಲ್ಲ. ಎಣಿಕೆಯ ಶಬ್ದಗಳು, ದೇಹದ ಅಂಗಗಳ ಹೆಸರುಗಳು, ಸರ್ವನಾಮಗಳು, ಕ್ರಿಯಾಪದದ ರೂಪಗಳು ಮುಂತಾಗಿ ಭಾಷೆಯೊಂದು ಸುಲಭವಾಗಿ ಎರವಲು ತಾರದ ಆಸ್ತಿಯಲ್ಲಿ ನಿಯತವಾದ ಹೊಂದಾಣಿಕೆ ಕಂಡುಬಂದಾಗ ಮಾತ್ರ ವಿದ್ವಾಂಸರು ನಂಟನ್ನು ಒಪ್ಪುತ್ತಾರೆ.

ಈ ಬಗೆಯ ವಿಚಾರಕ್ಕೆ ನಮ್ಮ ದೇಶದಲ್ಲಿ ನಾಂದಿಯಾದದ್ದು ೧೭೮೬ರ ಫೆಬ್ರುವರಿ ೨ರಂದು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಸರ್ ವಿಲಿಯಂ ಜೋನ್ಸರು ಮಾಡಿದ ಭಾಷಣ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಅವರು ಅಲ್ಲಿ ಸೂಚಿಸಿದರು. ಇಂಡೋ-ಯುರೋಪಿಯನ್ ಭಾಷೆಗಳ ಅಧ್ಯಯನ ಇಲ್ಲಿಂದ ಬೆಳೆಯಿತು. ಆದರೆ ಈ ಬೆಳಕಿಗೆ ಒಂದು ನೆರಳೂ ಇತ್ತು. ಸಂಸ್ಕೃತದ ಘನತೆಯಿಂದ ಬೆರಗಾಗಿದ್ದ ಅನೇಕ ಪಂಡಿತರು ಭಾರತದ ದೇಶಭಾಷೆಗಳೆಲ್ಲವೂ ಅದರಿಂದಲೇ ಹುಟ್ಟಿದವೆಂದು ನಂಬಿದರು.

ಆ ನಂಬಿಕೆಯನ್ನು ಮೊದಲು ಅಲುಗಾಡಿಸಿದವರು ಮದರಾಸಿನಲ್ಲಿ ಕಲೆಕ್ಟರಾಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್. ೧೮೧೬ರಲ್ಲಿ, ಕ್ಯಾಂಪ್‌ಬೆಲ್ಲರ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ, ತಮಿಳು, ತೆಲುಗು, ಕನ್ನಡ, ಮಲಯಾಳ, ತುಳು ಮೊದಲಾದವು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮದೇ ಆದ ಒಂದು ಮನೆತನಕ್ಕೆ ಸೇರಿದವು ಎಂದು ಅವರು ಧಾತುಗಳ ಪಟ್ಟಿಯನ್ನೇ ಮುಂದಿಟ್ಟು ತೋರಿಸಿದರು. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಎಲ್ಲಿಸರಿಗೆ ಈ ದಾರಿ ತೋರಿದ್ದು ನಮ್ಮ ವ್ಯಾಕರಣ ಪರಂಪರೆಯೇ. ತತ್ಸಮ, ತದ್ಭವ, ದೇಶ್ಯ ಎಂದು ಶಬ್ದಗಳನ್ನು ವಿಂಗಡಿಸುವ ಕ್ರಮವನ್ನು ಅವರು ತೆಲುಗಿನ ವಿದ್ವಾಂಸರಿಂದ, ಮುಖ್ಯವಾಗಿ ಪಟ್ಟಾಭಿರಾಮ ಶಾಸ್ತ್ರಿಗಳಿಂದ, ಕಲಿತರು. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜನಿಗೂ ಈ ವಿವೇಚನೆ ತಿಳಿದಿತ್ತು. ದೇಶ್ಯವೆಂಬ ಆ ಒಂದು ಪೆಟ್ಟಿಗೆಯಲ್ಲಿ ಇನ್ನೊಂದು ಭಾಷಾಕುಟುಂಬವೇ ಅಡಗಿದೆಯೆಂಬುದು ಎಲ್ಲಿಸರ ಕಾಣ್ಕೆ. ಅವರು ೧೮೧೯ರಲ್ಲಿ ತೀರಿಕೊಂಡರು. ಬಿಷಪ್ ಕಾಲ್ಡ್‌ವೆಲ್ಲರು ೧೮೫೬ರಲ್ಲಿ ತಮ್ಮ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಮೇಲೆ ದ್ರಾವಿಡವೆಂಬ ಹೆಸರೂ ಆ ಮನೆತನದ ಕಲ್ಪನೆಯೂ ಸ್ಥಿರವಾದವು.

ದ್ರಾವಿಡವೆಂದೊಡನೆ ನಮ್ಮ ಮನಸ್ಸು ದಕ್ಷಿಣದ ನಾಲ್ಕು ದೊಡ್ಡ ಸಾಹಿತ್ಯಭಾಷೆಗಳ ಕಡೆಗೆ ಹೋಗುತ್ತದೆ. ಆದರೆ ಈ ಮನೆತನದ ಬಹುಪಾಲು ಮಕ್ಕಳು ಲಿಪಿಯಿಲ್ಲದೆ, ಆಸ್ಥಾನಗಳ ಆಶ್ರಯವಿಲ್ಲದೆ, ಬೆಟ್ಟಕಾಡುಗಳಲ್ಲಿ ಬಾಳಿದವರು. ನೀಲಗಿರಿಯ ತೋದ ಮತ್ತು ಕೋತ, ಒರಿಸ್ಸದ ಕುಯಿ ಮತ್ತು ಕುವಿ, ಮಧ್ಯ ಭಾರತದ ಗೋಂಡಿ ಮತ್ತು ಕೊಲಾಮಿ, ಛೋಟಾನಾಗಪುರದ ಕುಡುಖ್, ರಾಜಮಹಲ್ ಬೆಟ್ಟಗಳ ಮಾಲ್ತೊ, ಇವೆಲ್ಲ ಕನ್ನಡದ ಒಡಹುಟ್ಟುಗಳೇ. ಎರಡು, ಮೂರು, ನಾಲ್ಕು ಎಂದು ನಾವು ಎಣಿಸುವಲ್ಲಿ ಗೋಂಡರು ರಂಡ್, ಮೂಂದ್, ನಾಲುಂಗ್ ಎನ್ನುತ್ತಾರೆ. ನಮ್ಮ ಕಣ್ಣು ಕುಡುಖ್ ಭಾಷೆಯಲ್ಲಿ ಖನ್. ಇಂದು ಪಾಕಿಸ್ತಾನಕ್ಕೆ ಸೇರಿರುವ ಬಲೂಚಿಸ್ತಾನದಲ್ಲಿ, ಇರಾನಿ ಭಾಷೆಗಳ ನಡುವೆ, ಬ್ರಾಹೂಯಿ ಜನರು ಎರಡಕ್ಕೆ ಇರಟ್ ಎಂದೂ ಮೂರಕ್ಕೆ ಮುಸಿಟ್ ಎಂದೂ ಹೇಳಿ, ನಾಲ್ಕರಿಂದ ಮುಂದೆ ನೆರೆಯವರ ಎಣಿಕೆಗೆ ಹೊರಳುತ್ತಾರೆ. ಒಂದು ಭಾಷೆ ತನ್ನದನ್ನು ಎಲ್ಲಿಯವರೆಗೆ ಉಳಿಸಿಕೊಂಡಿತು, ಎಲ್ಲಿಂದ ಬಿಟ್ಟುಕೊಟ್ಟಿತು ಎಂಬ ಗಡಿರೇಖೆಯೇ ಅಲ್ಲಿ ಕಾಣಿಸುತ್ತದೆ. ಕುಡುಖ್ ಮಾತನಾಡುವ ಒರಾಂವ್ ಜನರಲ್ಲಿ, ತಮ್ಮ ಪೂರ್ವಜರು ಕರ್ನಾಟದ ಕಡೆಯಿಂದ ಹೊರಟು ನರ್ಮದೆಯನ್ನು ಅನುಸರಿಸಿ ಬಂದು ಶೋಣ ನದಿಯ ದಂಡೆಯಲ್ಲಿ ನೆಲಸಿದರೆಂಬ ಐತಿಹ್ಯವೂ ಉಂಟು. ಐತಿಹ್ಯವನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಆದರೂ ಅಷ್ಟು ದೂರದ ಜನ ತಮ್ಮ ನೆನಪಿನಲ್ಲಿ ಈ ನಾಡಿನ ಹೆಸರನ್ನು ಇಟ್ಟುಕೊಂಡಿದ್ದಾರೆಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ.

ಇಂಡೋ-ಆರ್ಯ ಮತ್ತು ದ್ರಾವಿಡ ಎಂಬ ಈ ಎರಡು ಹೆಸರುಗಳಲ್ಲಿ ಭಾರತವನ್ನು ಮುಗಿಸಿಬಿಡುವುದು ನಮ್ಮಲ್ಲಿ ಬಹುಮಂದಿಯ ಅಭ್ಯಾಸ. ಆದರೆ ಈ ಎರಡಕ್ಕೂ ಸೇರದ ಭಾಷೆಗಳು ನಮ್ಮ ದೇಶದ ನಡುಭಾಗದಲ್ಲಿಯೇ ಇವೆ. ಸಂತಾಲಿ, ಮುಂಡಾರಿ, ಹೊ, ಸೋರಾ, ಸಾತಪುಡಾ ಬೆಟ್ಟಗಳ ಕೊರ್ಕು ಮೊದಲಾದವು ದ್ರಾವಿಡದಿಂದ ಬೇರೆಯೆಂದು ಮ್ಯಾಕ್ಸ್ ಮುಲ್ಲರರು ೧೮೫೪ರಲ್ಲಿ ಗುರುತಿಸಿ ಅವುಗಳಿಗೆ ಮುಂಡಾ ಎಂಬ ಹೆಸರನ್ನಿತ್ತರು. ೧೯೦೬ರಲ್ಲಿ ವಿಲ್‌ಹೆಲ್ಮ್ ಷ್ಮಿಟ್ ಎಂಬ ವಿದ್ವಾಂಸರು ಈ ಮುಂಡಾ ಭಾಷೆಗಳು, ಮೇಘಾಲಯದ ಖಾಸಿ, ನಿಕೋಬಾರದ ನುಡಿಗಳು, ಕಾಂಬೋಡಿಯದ ಖ್ಮೇರ್ ಇವೆಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸಿ ಆಸ್ಟ್ರೊ-ಏಷಿಯಾಟಿಕ್ ಎಂದು ಕರೆದರು. ವಿಯೆಟ್ನಾಮಿನ ಭಾಷೆಯೂ ಇದೇ ಮನೆತನದ್ದೆಂದು ಇಂದು ಒಪ್ಪಿದ್ದಾರೆ. ಮೂರಕ್ಕೆ ಸಂತಾಲರು ಪೆ ಎನ್ನುತ್ತಾರೆ, ವಿಯೆಟ್ನಾಮಿಗರು ಬಾ ಎನ್ನುತ್ತಾರೆ. ನಾಲ್ಕಕ್ಕೆ ಅಲ್ಲಿ ಪೊನ್, ಇಲ್ಲಿ ಬೊನ್. ಮಯೂರಭಂಜದ ಹಳ್ಳಿಯೊಂದರ ಎಣಿಕೆಯು ಹನೋಯ್ ನಗರದ ಸಂತೆಯ ಎಣಿಕೆಗೆ ಹೀಗೆ ನಂಟಾಗಿದೆ.

ಈಶಾನ್ಯ ದಿಕ್ಕಿಗೆ ಹೊರಳಿದರೆ ಇನ್ನೊಂದು ಲೋಕವೇ ತೆರೆಯುತ್ತದೆ. ಮಣಿಪುರಿ, ಬೋಡೊ, ಗಾರೊ, ಮಿಜೊ, ಅಂಗಾಮಿ, ಆವೊ, ತಾಂಖುಲ್, ಇತ್ತ ಲಡಾಖಿನ ಮಾತು, ಸಿಕ್ಕಿಮಿನ ಲೆಪ್ಚಾ, ಇವು ಟಿಬೆಟೊ-ಬರ್ಮನ್ ಶಾಖೆಗೆ ಸೇರಿದವು. ಇವುಗಳಲ್ಲಿ ಅನೇಕ ಭಾಷೆಗಳಲ್ಲಿ ಧ್ವನಿಯ ಏರಿಳಿತವೇ ಅರ್ಥವನ್ನು ನಿರ್ಧರಿಸುತ್ತದೆ. ಒಂದೇ ಅಕ್ಷರವು ಏರುಸ್ವರದಲ್ಲಿ ಒಂದರ್ಥ, ಇಳಿಸ್ವರದಲ್ಲಿ ಮತ್ತೊಂದರ್ಥ. ಇಲ್ಲಿಯೇ ತಾಯಿ ಮನೆತನದ ನುಡಿಗಳೂ ಇವೆ. ಥಾಯ್ಲೆಂಡಿನ ಭಾಷೆಗೆ ಹತ್ತಿರದವು. ೧೨೨೮ರಲ್ಲಿ ಪಾಟ್ಕಾಯಿ ಬೆಟ್ಟಗಳನ್ನು ದಾಟಿಬಂದು ಅಸ್ಸಾಮಿನಲ್ಲಿ ನೆಲೆಯೂರಿದ ಅಹೋಮರು ಸುಮಾರು ಆರುನೂರು ವರ್ಷ ಆ ನಾಡನ್ನು ಆಳಿದರು. ಬುರಂಜಿಗಳೆಂಬ ಚರಿತ್ರೆಯ ಗ್ರಂಥಗಳನ್ನು ತಮ್ಮ ಭಾಷೆಯಲ್ಲಿ ಬರೆಸಿದರು. ಆದರೆ ಕಾಲ ಕಳೆದಂತೆ ಆಳುವವರೇ ಆಳಿಸಿಕೊಳ್ಳುವವರ ಅಸ್ಸಾಮಿಯನ್ನು ಮನೆಯ ಮಾತಾಗಿ ಮಾಡಿಕೊಂಡರು. ಅಹೋಮ್ ಭಾಷೆ ಪುರೋಹಿತರ ಹೊತ್ತಗೆಗಳಲ್ಲಿ ಮಾತ್ರ ಉಳಿಯಿತು. ಸಿಂಹಾಸನವಿದ್ದ ಮಾತ್ರಕ್ಕೆ ಭಾಷೆ ಉಳಿಯುವುದಿಲ್ಲ. ತಾಯಿ ಮಗುವಿನೊಡನೆ ಆಡುವುದನ್ನು ಬಿಟ್ಟ ದಿನವೇ ಅದರ ಅಳಿವು ಮೊದಲಾಗುತ್ತದೆ.

ಮನೆತನ ಯಾವುದೆಂದು ಗೊತ್ತಾಗದ ಅನಾಥ ಭಾಷೆಯೂ ನಮ್ಮಲ್ಲಿದೆ. ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯಲ್ಲಿ ಕೆಲವೇ ಸಾವಿರ ಜನರಾಡುವ ನಿಹಾಲಿ ಅಂಥದು. ಅದರ ಶಬ್ದಗಳಲ್ಲಿ ಕೊರ್ಕುವಿನಿಂದ ಬಂದವು ಬಹಳ. ಮರಾಠಿಯಿಂದ ಬಂದವೂ ಇವೆ. ಎರಡು, ಮೂರು, ನಾಲ್ಕು ಎಂಬ ಎಣಿಕೆಗಳು ದ್ರಾವಿಡದವು. ಇವನ್ನೆಲ್ಲ ತೆಗೆದಿಟ್ಟ ಮೇಲೆ ಉಳಿಯುವ ಒಂದು ಭಾಗ ಲೋಕದ ಯಾವ ಭಾಷೆಗೂ ಸೇರುವುದಿಲ್ಲ. ಅಂಡಮಾನಿನ ನುಡಿಗಳದು ಮತ್ತೂ ಬೇರೆಯಾದ ಕಥೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಭಾಷೆಯ ಕುಟುಂಬ ಬೇರೆ, ರಕ್ತದ ಕುಟುಂಬ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡನ್ನೂ ಒಂದೆಂದು ತಿಳಿದು, ಆರ್ಯ, ದ್ರಾವಿಡ ಎಂಬ ಭಾಷಾಶಾಸ್ತ್ರದ ಹೆಸರುಗಳನ್ನು ಜನಾಂಗಗಳ ಹೆಸರಾಗಿ ಮಾಡಿಕೊಂಡದ್ದರಿಂದ ಆದ ಅನರ್ಥ ಸಣ್ಣದಲ್ಲ. ಜನ ಭಾಷೆಯನ್ನು ಬದಲಾಯಿಸುತ್ತಾರೆ, ಅಹೋಮರು ಬದಲಾಯಿಸಿದಂತೆ. ನಮ್ಮಲ್ಲಿ ಯಾರ ಪೂರ್ವಜರು ಯಾವ ನುಡಿಯನ್ನು ಬಿಟ್ಟು ಕನ್ನಡಕ್ಕೆ ಬಂದರೋ ಹೇಳಬಲ್ಲವರಾರು?

ಈ ಎಲ್ಲ ನುಡಿಗಳನ್ನೂ ಒಂದು ಕಡೆ ಕಲೆಹಾಕಿ ನೋಡುವ ಸಾಹಸವನ್ನು ಮಾಡಿದವರು ಗ್ರಿಯರ್ಸನ್. ಐರ್ಲೆಂಡಿನ ಡಬ್ಲಿನ್ ಬಳಿ ೧೮೫೧ರಲ್ಲಿ ಹುಟ್ಟಿ, ಬಿಹಾರದಲ್ಲಿ ಅಧಿಕಾರಿಯಾಗಿದ್ದ ಅವರು ೧೮೯೪ರಲ್ಲಿ ಆರಂಭವಾದ ಈ ಕೆಲಸವನ್ನು ೧೯೨೮ರವರೆಗೆ ನಡೆಸಿ ಹನ್ನೊಂದು ಸಂಪುಟಗಳಲ್ಲಿ ಮುಗಿಸಿದರು. ಪ್ರತಿಯೊಂದು ನುಡಿಯಿಂದಲೂ ಅವರು ಕೇಳಿದ್ದು ಮೂರು: ಒಂದು ಶಬ್ದಗಳ ಪಟ್ಟಿ, ಒಂದು ಸ್ಥಳೀಯ ಕಥೆ ಅಥವಾ ಸಂಭಾಷಣೆ, ಮತ್ತು ಬೈಬಲಿನಲ್ಲಿ ಬರುವ ದಾರಿತಪ್ಪಿದ ಮಗನ ಕಥೆಯ ಅನುವಾದ. ತನ್ನ ಪಾಲನ್ನು ತೆಗೆದುಕೊಂಡು ದೇಶಾಂತರ ಹೋಗಿ, ಎಲ್ಲವನ್ನೂ ಕಳೆದುಕೊಂಡು ಮನೆಗೆ ಮರಳಿದ ಮಗನ ಆ ಕಥೆಯನ್ನು, ಈ ದೇಶದವರ ಮನಸ್ಸಿಗೆ ನೋವಾಗದಂತೆ ಅಲ್ಪಸ್ವಲ್ಪ ಬದಲಿಸಿ, ನೂರಾರು ನುಡಿಗಳಲ್ಲಿ ಬರೆಸಿಕೊಂಡರು. ಬಿಹಾರದ ರೈತನ ಮಾತಿನಲ್ಲಿ, ನಾಗಾ ಬೆಟ್ಟದವನ ಮಾತಿನಲ್ಲಿ, ಪಾಮೀರದ ತಪ್ಪಲಿನವನ ಮಾತಿನಲ್ಲಿ ಒಬ್ಬ ತಂದೆ ಮರಳಿ ಬಂದ ಮಗನ ಕಡೆಗೆ ಓಡುವುದನ್ನು ಆ ಸಂಪುಟಗಳಲ್ಲಿ ಮತ್ತೆ ಮತ್ತೆ ಓದಬಹುದು. ಮುಂಡಾ ಮತ್ತು ದ್ರಾವಿಡ ಭಾಷೆಗಳ ನಾಲ್ಕನೆಯ ಸಂಪುಟವನ್ನು ೧೯೦೬ರಲ್ಲಿ ಸಿದ್ಧಪಡಿಸಿಕೊಟ್ಟವರು ನಾರ್ವೆ ದೇಶದ ಸ್ಟೆನ್ ಕೊನೊ.

ಆದರೆ ಈ ಮಹಾಕಾರ್ಯದಲ್ಲಿ ನಮ್ಮ ಮಟ್ಟಿಗೆ ಒಂದು ದೊಡ್ಡ ಕೊರತೆಯಿದೆ. ಮದರಾಸು ಪ್ರಾಂತ, ಹೈದರಾಬಾದು, ಮೈಸೂರು ಸಂಸ್ಥಾನಗಳು ಸರ್ವೇಕ್ಷಣೆಯ ವ್ಯಾಪ್ತಿಯಿಂದ ಹೊರಗುಳಿದವು. ದಕ್ಷಿಣದ ದೊಡ್ಡ ಭಾಷೆಗಳ ವಿವರಣೆ ಬೇರೆ ಮೂಲಗಳಿಂದ ನಾಲ್ಕನೆಯ ಸಂಪುಟಕ್ಕೆ ಸೇರಿತು, ನಿಜ. ಆದರೆ ಪಶ್ಚಿಮ ಘಟ್ಟದ, ನೀಲಗಿರಿಯ ಅಂಚಿನ, ಕೊಳ್ಳೇಗಾಲದ ಕಡೆಯ ಕಾಡುಗಳ ಸಣ್ಣ ನುಡಿಗಳನ್ನು ಅಂದು ಹೋಗಿ ಕೇಳಿದವರಿಲ್ಲ. ಕಿಟೆಲ್ಲರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು ಸರ್ವೇಕ್ಷಣೆ ಆರಂಭವಾದ ೧೮೯೪ರಲ್ಲಿಯೇ. ದೊಡ್ಡ ಭಾಷೆಗೆ ಅಂಥದೊಂದು ಭಂಡಾರ ದೊರೆತ ಕಾಲದಲ್ಲಿ ಅದರ ನೆರೆಯಲ್ಲಿದ್ದ ಸಣ್ಣ ನುಡಿಗಳಿಗೆ ಒಂದು ಶಬ್ದಪಟ್ಟಿಯೂ ದೊರೆಯಲಿಲ್ಲ.

ಇಷ್ಟು ಮನೆತನಗಳು ಒಂದೇ ಅಂಗಳದಲ್ಲಿ ಸಾವಿರಾರು ವರ್ಷ ಬಾಳಿದ ಪರಿಣಾಮವೇನು? ೧೯೩೫ರಲ್ಲಿ ಭಾರತಕ್ಕೆ ಬಂದು ತೋದ, ಕೋತ, ಕೊಡವ, ಕೊಲಾಮಿ ಭಾಷೆಗಳನ್ನು ಅಭ್ಯಾಸಮಾಡಿದ ಎಮ್. ಬಿ. ಎಮೆನೊ ಅವರು ೧೯೫೬ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನದಲ್ಲಿ ಇದಕ್ಕೆ ಉತ್ತರವಿತ್ತರು. ಬೇರೆ ಬೇರೆ ಕುಟುಂಬಗಳಿಗೆ ಸೇರಿದ್ದರೂ ಭಾರತದ ಭಾಷೆಗಳು ನೆರೆಹೊರೆಯ ಬಾಳ್ವೆಯಿಂದ ಒಂದರಂತೆ ಒಂದು ಆಗಿವೆ. ಭಾರತವು ಒಂದೇ ಭಾಷಾಕ್ಷೇತ್ರ ಎಂಬುದು ಅವರ ಸಿದ್ಧಾಂತ. ಇದಕ್ಕೆ ಬೇಕಾದ ಸಾಕ್ಷ್ಯ ನಮ್ಮ ನಾಲಗೆಯ ಮೇಲೆಯೇ ಇದೆ. ನಾವು ಊಟಗೀಟ, ಪುಸ್ತಕಗಿಸ್ತಕ ಎನ್ನುವಂತೆ ಹಿಂದಿಯವರು ಚಾಯ್‌ವಾಯ್ ಎನ್ನುತ್ತಾರೆ. ನನಗೆ ಹಸಿವಾಗಿದೆ ಎಂದು ನಾವು ಚತುರ್ಥಿಯಲ್ಲಿ ಹೇಳುವುದನ್ನು ಅವರೂ ಅದೇ ಬಗೆಯಲ್ಲಿ ಹೇಳುತ್ತಾರೆ. ಹಸಿವನ್ನು ನಾನು ಹೊಂದಿದ್ದೇನೆಂದು ಎರಡು ಕಡೆಯವರೂ ಹೇಳುವುದಿಲ್ಲ. ಟ, ಡ, ಣ ಎಂಬ ಮೂರ್ಧನ್ಯ ಧ್ವನಿಗಳು ಆರ್ಯ, ದ್ರಾವಿಡ, ಮುಂಡಾ ಎಂಬ ಭೇದವಿಲ್ಲದೆ ಇಲ್ಲಿ ಹರಡಿವೆ.

ಈ ಕೂಡುಬಾಳ್ವೆಯ ಒಂದು ಚಿಕ್ಕ ಚಿತ್ರವನ್ನು ನಮ್ಮ ಗಡಿಯ ಆಚೆಗೇ ಕಾಣಬಹುದು. ಸಾಂಗಲಿ ಜಿಲ್ಲೆಯ ಕುಪ್ವಾಡ ಎಂಬ ಊರಿನ ಮಾತನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬಿಬ್ಬರು ವಿದ್ವಾಂಸರು ಪರಿಶೀಲಿಸಿ ೧೯೭೧ರಲ್ಲಿ ಪ್ರಕಟಿಸಿದರು. ಅಲ್ಲಿ ಜೈನರೂ ಲಿಂಗಾಯತರೂ ಮನೆಯಲ್ಲಿ ಕನ್ನಡವನ್ನಾಡುತ್ತಾರೆ, ಮುಸಲ್ಮಾನರು ಉರ್ದುವನ್ನು, ಇತರರು ಮರಾಠಿಯನ್ನು. ಕೆಲವರ ಮಾತು ತೆಲುಗು. ಶತಮಾನಗಳ ಒಡನಾಟದಿಂದ ಆ ಊರಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿದೆಯೆಂದರೆ, ಒಂದರ ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದಕ್ಕೆ ತಿರುಗಿಸಬಹುದು. ಆದರೂ ಯಾರೂ ತಮ್ಮ ಶಬ್ದಗಳನ್ನು ಬಿಟ್ಟುಕೊಟ್ಟಿಲ್ಲ. ಮನೆಯ ಮಾತು ಮನೆಯ ಮಾತಾಗಿಯೇ ಉಳಿದಿದೆ. ಕೂಡಿ ಬಾಳುವುದೆಂದರೆ ಒಬ್ಬರು ಮತ್ತೊಬ್ಬರಲ್ಲಿ ಕರಗಿಹೋಗುವುದಲ್ಲ ಎಂಬುದನ್ನು ಆ ಊರಿನವರು ಯಾರ ಉಪದೇಶವೂ ಇಲ್ಲದೆ ಸಾಧಿಸಿಕೊಂಡಿದ್ದರು.

ಹಳೆಯ ಭಾರತವು ಹೀಗೆ ಬಹುಭಾಷೆಗಳನ್ನು ಸಹಿಸಿತು ಎಂದು ಹೇಳಿ ಮಾತು ಮುಗಿಸುವುದು ಸುಲಭ. ಆದರೆ ನಮ್ಮ ಕಾಲವು ಅವುಗಳನ್ನು ಹೇಗೆ ನಡೆಸಿಕೊಂಡಿದೆ ಎಂಬುದನ್ನೂ ಹೇಳಬೇಕಲ್ಲವೆ? ೧೯೭೧ರ ಜನಗಣತಿಯಿಂದ ಮೊದಲ್ಗೊಂಡು ಹತ್ತು ಸಾವಿರಕ್ಕಿಂತ ಕಡಮೆ ಜನರಾಡುವ ಭಾಷೆಗಳ ಹೆಸರನ್ನು ಪ್ರತ್ಯೇಕವಾಗಿ ಪ್ರಕಟಿಸುವುದು ನಿಂತಿತು. ೧೯೬೧ರಲ್ಲಿ ಒಬ್ಬಿಬ್ಬರು ಹೇಳಿದ ಹೆಸರಿಗೂ ಪಟ್ಟಿಯಲ್ಲಿ ಸ್ಥಳವಿತ್ತು. ಅನಂತರ ಅವು ‘ಇತರ’ ಎಂಬ ಒಂದೇ ಮಾತಿನೊಳಗೆ ಸೇರಿಹೋದವು. ೨೦೧೧ರಲ್ಲಿ ಜನರು ಬರೆಯಿಸಿದ ಮಾತೃಭಾಷೆಯ ಹೆಸರುಗಳು ೧೯,೫೬೯. ಪರಿಷ್ಕರಣದ ಅನಂತರ ಅವು ೧,೩೬೯ ಆದವು. ಹತ್ತು ಸಾವಿರದ ಜರಡಿಯಲ್ಲಿ ಸೋಸಿ, ಕೊಂಬೆಗಳನ್ನು ಕಾಂಡಕ್ಕೆ ಸೇರಿಸಿದ ಮೇಲೆ ಉಳಿದದ್ದು ೧೨೧. ನಮ್ಮ ತಾಂಡಾಗಳ ಲಂಬಾಣಿ ಮಾತು ಈ ಲೆಕ್ಕದಲ್ಲಿ ಹಿಂದಿಯ ಕೆಳಗೆ ಬರುತ್ತದೆ. ನೀಲಗಿರಿಯ ಬಡಗ, ಕಾಡಿನ ಕುರುಬರ ನುಡಿ, ಇವು ಕನ್ನಡದ ಮೊತ್ತದೊಳಗೆ ಸೇರುತ್ತವೆ. ಹಿಂದಿಯ ಲೆಕ್ಕ ಹೀಗೆ ಹಿಗ್ಗುತ್ತದೆಂದು ದೂರುವ ನಾವು ಕನ್ನಡದ ಲೆಕ್ಕದೊಳಗೂ ಅಂಥ ಒಳಮೊತ್ತಗಳಿವೆಯೆಂಬುದನ್ನು ನೆನೆಯುವುದು ಅಪರೂಪ.

ಎಣಿಕೆಗೆ ಸಿಕ್ಕಿದ ಮಾತ್ರಕ್ಕೆ ಮನ್ನಣೆಯೂ ಸಿಕ್ಕೀತೆಂದಿಲ್ಲ. ಎಂಟನೆಯ ಅನುಸೂಚಿಯಲ್ಲಿ ಮೊದಲು ಇದ್ದ ಭಾಷೆಗಳು ೧೪. ಅವೆಲ್ಲವೂ ಇಂಡೋ-ಆರ್ಯ ಅಥವಾ ದ್ರಾವಿಡ. ಟಿಬೆಟೊ-ಬರ್ಮನ್ ಮನೆತನದ ಮೊದಲ ಪ್ರತಿನಿಧಿಯಾಗಿ ಮಣಿಪುರಿ ಬಂದದ್ದು ೧೯೯೨ರಲ್ಲಿ; ಆಸ್ಟ್ರೊ-ಏಷಿಯಾಟಿಕ್ ಮನೆತನದ ಸಂತಾಲಿಗೆ ಅವಕಾಶವಾದದ್ದು ೨೦೦೩ರ ತಿದ್ದುಪಡಿಯಿಂದ. ಸಂತಾಲಿಯ ಹಿಂದೆ ಒಂದು ಹೋರಾಟದ ಚರಿತ್ರೆಯಿತ್ತು. ಮಯೂರಭಂಜದ ಪಂಡಿತ ರಘುನಾಥ ಮುರ್ಮು ಅವರು ೧೯೨೫ರಲ್ಲಿ ಆ ಭಾಷೆಗೆ ಓಲ್ ಚಿಕಿ ಎಂಬ ಲಿಪಿಯನ್ನು ಕಟ್ಟಿಕೊಟ್ಟು, ಅದರಲ್ಲಿ ನಾಟಕಗಳನ್ನು ಬರೆದು, ಹಳ್ಳಿಹಳ್ಳಿಗೆ ಹೋಗಿ ಕಲಿಸಿದರು. ಅದಿಲ್ಲದೆ ೭೩ ಲಕ್ಷ ಜನರ ಬಲವೊಂದೇ ಸಾಕಾಗುತ್ತಿತ್ತೆ ಎಂಬುದು ಸಂದೇಹ. ಏಕೆಂದರೆ ಗೋಂಡಿಯನ್ನು ೨೦೧೧ರಲ್ಲಿ ೨೯ ಲಕ್ಷಕ್ಕೂ ಮಿಕ್ಕ ಜನ ತಮ್ಮ ಮಾತೆಂದು ಬರೆಯಿಸಿದರು. ಅನುಸೂಚಿಯಲ್ಲಿರುವ ಮಣಿಪುರಿ, ಬೋಡೊ ಭಾಷೆಗಳಿಗಿಂತ ಇದು ದೊಡ್ಡ ಸಂಖ್ಯೆ. ರಾಜ್ಯಗಳನ್ನಾಳಿದ, ಭೂವಿಜ್ಞಾನಿಗಳ ಪ್ರಾಚೀನ ಭೂಖಂಡಕ್ಕೆ ಗೋಂಡ್ವಾನವೆಂಬ ಹೆಸರನ್ನೇ ಕೊಟ್ಟ ಆ ಜನರು ಇಂದು ಹಲವು ರಾಜ್ಯಗಳಲ್ಲಿ ಹಂಚಿಹೋಗಿದ್ದಾರೆ. ಒಂದು ಕಡೆ ಹಿಂದಿ, ಇನ್ನೊಂದು ಕಡೆ ಮರಾಠಿ, ಮತ್ತೊಂದು ಕಡೆ ತೆಲುಗು ಅವರ ಮಕ್ಕಳ ಶಾಲೆಯ ಭಾಷೆ. ಎಲ್ಲ ಕಡೆಯೂ ಅಲ್ಪಸಂಖ್ಯಾತವಾದ ಭಾಷೆ ಎಲ್ಲಿಯೂ ಮಾತನಾಡಲಾರದು. ಈ ಚದರಿದ ನುಡಿಗೆ ಒಂದು ಸಮಾನ ನಿಘಂಟನ್ನು ಸಿದ್ಧಪಡಿಸುವ ಕೆಲಸದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಕೈಜೋಡಿಸಿತೆಂಬುದು ನಾವು ಸಂತೋಷಪಡಬೇಕಾದ ವಿಷಯ.

ಈಗ ಅಂಡಮಾನಿಗೆ ಬರುತ್ತೇನೆ. ೧೮೫೮ರಲ್ಲಿ ಬ್ರಿಟಿಷರು ಅಲ್ಲಿ ಕೈದಿಗಳ ವಸಾಹತನ್ನು ಸ್ಥಾಪಿಸಿದಾಗ ಗ್ರೇಟ್ ಅಂಡಮಾನಿನಲ್ಲಿ ಹತ್ತು ಪಂಗಡಗಳಿದ್ದವು, ಹತ್ತು ನುಡಿಗಳಿದ್ದವು. ಹೊರಗಿನಿಂದ ಬಂದ ರೋಗಗಳು ಅವರನ್ನು ಬೇಗನೆ ಕರಗಿಸಿದವು. ಆ ಹತ್ತರಲ್ಲಿ ಒಂದಾದ ಬೊ ಎಂಬ ಭಾಷೆಯನ್ನು ಬಲ್ಲ ಕೊನೆಯ ವ್ಯಕ್ತಿ, ಬೊವಾ ಎಂಬ ವೃದ್ಧೆ, ೨೦೧೦ರ ಜನವರಿ ೨೬ರಂದು ತೀರಿಕೊಂಡಳು. ಆಕೆಯ ಮಾತನ್ನು ಬರೆದಿಟ್ಟ ಭಾಷಾವಿಜ್ಞಾನಿ ಅನ್ವಿತಾ ಅಬ್ಬಿಯವರು, ಆಕೆ ತನ್ನ ನುಡಿಯಲ್ಲಿ ಹಕ್ಕಿಗಳೊಡನೆ ಮಾತನಾಡುತ್ತಿದ್ದಳೆಂದು ಹೇಳಿದ್ದಾರೆ. ಆ ನುಡಿ ತಿಳಿದವರು ಬೇರೆ ಯಾರೂ ಇರಲಿಲ್ಲ. ಗ್ರೇಟ್ ಅಂಡಮಾನಿ ಭಾಷೆಗಳ ವ್ಯಾಕರಣವೇ ವಿಲಕ್ಷಣವಾದುದು. ಮನುಷ್ಯನ ದೇಹವನ್ನು ಏಳು ವಿಭಾಗಗಳಾಗಿ ಮಾಡಿ, ಆ ವಿಭಾಗಗಳನ್ನು ಸೂಚಿಸುವ ಪ್ರತ್ಯಯಗಳನ್ನು ನಾಮಪದ, ಕ್ರಿಯಾಪದಗಳಿಗೆಲ್ಲ ಹಚ್ಚಿ ಲೋಕವನ್ನು ವರ್ಣಿಸುವ ರೀತಿ ಅದರದು. ಹೀಗೂ ಲೋಕವನ್ನು ಕಾಣಬಹುದೆಂಬುದು ಆ ಕೆಲವರು ಬದುಕಿದ್ದರಿಂದ ನಮಗೆ ತಿಳಿಯಿತು. ಬರೆದಿಡುವವರು ಹೋಗುವ ಮೊದಲೇ ಮುಗಿದುಹೋದ ನುಡಿಗಳಲ್ಲಿ ಏನಿತ್ತೋ ಇನ್ನು ತಿಳಿಯುವಂತಿಲ್ಲ.

ಅಂಡಮಾನು ದೂರದ ದ್ವೀಪವೆಂದು ನಾವು ಸಮಾಧಾನಪಡಬೇಕಾಗಿಲ್ಲ. ನಮ್ಮ ನಾಡಿನಲ್ಲಿಯೇ ಕೊರಗ ಭಾಷೆಯಿದೆ, ಸೋಲಿಗರ ಮಾತಿದೆ, ಜೇನುಕುರುಬರ, ಬೆಟ್ಟಕುರುಬರ, ಯರವರ ನುಡಿಗಳಿವೆ, ಹಕ್ಕಿಪಿಕ್ಕಿಗಳ ಗುಜರಾತಿ ನಂಟಿನ ಮಾತಿದೆ. ೨೦೧೧ರಲ್ಲಿ ಕೊಡವವನ್ನು ಬರೆಯಿಸಿದವರು ಒಂದು ಲಕ್ಷ ಹದಿಮೂರು ಸಾವಿರ, ತುಳುವನ್ನು ಬರೆಯಿಸಿದವರು ಹದಿನೆಂಟ ಲಕ್ಷಕ್ಕೂ ಮಿಕ್ಕವರು. ಇವು ಹೇಗೋ ತಮ್ಮ ದನಿಯನ್ನು ಕೇಳಿಸಬಲ್ಲವು. ಕೊರಗ ಮಗುವಿನ ದನಿಯನ್ನು ಕೇಳುವವರಾರು? ಆ ಭಾಷೆಗೆ ಒಂದು ವ್ಯಾಕರಣವಿದೆಯೆಂದು ತೋರಿಸಿ ೧೯೭೧ರಲ್ಲಿ ಪುಸ್ತಕ ಬರೆದವರು ಡಿ. ಎನ್. ಶಂಕರ ಭಟ್ಟರು. ಬೋಡೊ, ತಾಂಖುಲ್ ನಾಗಾ ಭಾಷೆಗಳ ಶಬ್ದಕೋಶಗಳನ್ನು ಸಿದ್ಧಪಡಿಸಿದವರೂ, ೧೯೯೭ರಲ್ಲಿ ನಿಂಗೊಂಬಾ ಅವರೊಡನೆ ಮಣಿಪುರಿಯ ವ್ಯಾಕರಣವನ್ನು ರಚಿಸಿದವರೂ ಅವರೇ. ಇಷ್ಟು ಮನೆತನಗಳ ಭಾಷೆಗಳ ಒಳಹೊಕ್ಕು ನೋಡಿದ ಅವರೇ ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಒತ್ತಿ ಹೇಳಿದರೆಂಬುದು ಆಕಸ್ಮಿಕವಲ್ಲ. ಹಲವು ಮನೆಗಳನ್ನು ಕಂಡವನಿಗೆ ತನ್ನ ಮನೆಯ ಕಟ್ಟಡ ಸ್ಪಷ್ಟವಾಗಿ ತಿಳಿಯುತ್ತದೆ. ಗ್ರಿಯರ್ಸನ್ನರ ಸರ್ವೇಕ್ಷಣೆ ಬಿಟ್ಟುಹೋಗಿದ್ದ ಮೈಸೂರಿನಲ್ಲಿಯೇ ೧೯೬೯ರ ಜುಲೈ ೧೭ರಂದು ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ಆರಂಭವಾಗಿ, ಅಲ್ಲಿಂದ ನಾಗಾ ಬೆಟ್ಟಗಳ, ಲಡಾಖಿನ, ನೀಲಗಿರಿಯ ಎಷ್ಟೋ ನುಡಿಗಳ ವ್ಯಾಕರಣಗಳು ಹೊರಬಂದದ್ದೂ ಸ್ಮರಿಸತಕ್ಕ ವಿಷಯ.

ಆದರೆ ಗ್ರಂಥಾಲಯದಲ್ಲಿ ವ್ಯಾಕರಣವಿದ್ದರೆ ಭಾಷೆ ಉಳಿದಂತಲ್ಲ. ೧೯೫೬ರ ನವೆಂಬರ್ ೧ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಆ ರಾಜ್ಯಪುನರ್ವಿಂಗಡಣೆಗಾಗಿ ಸಂವಿಧಾನಕ್ಕೆ ಮಾಡಿದ ಏಳನೆಯ ತಿದ್ದುಪಡಿಯಲ್ಲಿಯೇ ಇನ್ನೊಂದು ವಿಧಿಯೂ ಸೇರಿತು. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಅವರವರ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳುವ ೩೫೦-ಎ ವಿಧಿ ಅದು. ನಮಗೆ ನಾಡನ್ನು ಕೊಟ್ಟ ಕಾಗದದ ಮೇಲೆಯೇ ನಮ್ಮ ಕರ್ತವ್ಯವೂ ಬರೆದಿತ್ತು. ಮೊದಲನೆಯದನ್ನು ನಾವು ವರ್ಷವರ್ಷವೂ ಹಬ್ಬಮಾಡಿ ನೆನೆಯುತ್ತೇವೆ. ಎರಡನೆಯದನ್ನು ನೆನೆಯುವುದಕ್ಕೆ ದಿನವನ್ನು ಗೊತ್ತುಮಾಡಿಕೊಂಡಿಲ್ಲ.

ದೊಡ್ಡ ಭಾಷೆಗಳ ಒತ್ತಡಕ್ಕೆ ಸಿಕ್ಕಿದಾಗ ಕನ್ನಡವು ಏನನ್ನು ಕೇಳುತ್ತದೆಯೋ ಅದನ್ನೇ ಕನ್ನಡದ ಮಗ್ಗುಲಲ್ಲಿರುವ ಸಣ್ಣ ನುಡಿಗಳು ಕೇಳುತ್ತಿವೆ. ಮೊದಲ ತರಗತಿಯ ಮಗುವಿಗೆ ಅದರ ಮನೆಯ ಮಾತಿನಲ್ಲಿ ಎರಡು ಸಮಾಧಾನದ ಮಾತನ್ನಾಡುವ ಉಪಾಧ್ಯಾಯರು, ಅಜ್ಜಿ ಹೇಳುವ ಕಥೆಯನ್ನು ಕನ್ನಡ ಲಿಪಿಯಲ್ಲಾದರೂ ಅಚ್ಚುಹಾಕಿದ ಒಂದು ಪುಟ್ಟ ಪುಸ್ತಕ, ಜನಗಣತಿಯವನು ಬಂದಾಗ ತಮ್ಮ ನುಡಿಯ ಹೆಸರನ್ನು ನಾಚದೆ ಹೇಳುವ ಧೈರ್ಯ, ಇಷ್ಟು ಒದಗಿದರೂ ಆರಂಭವಾದಂತೆ. ಇವುಗಳಲ್ಲಿ ಮೊದಲ ಎರಡನ್ನು ಸರ್ಕಾರ ಒದಗಿಸಬಹುದು. ಮೂರನೆಯದು ಸುತ್ತಲಿನ ನಮ್ಮ ನಡತೆಯಿಂದ ಬರಬೇಕಾದದ್ದು. ಮುಂದಿನ ಗಣತಿಯಲ್ಲಿ ಭಾರತದ ಭಾಷೆಗಳ ಸಂಖ್ಯೆ ಎಷ್ಟೆಂದು ಪತ್ರಿಕೆಗಳಲ್ಲಿ ಓದುವಾಗ, ಆ ಸಂಖ್ಯೆಯ ಒಂದು ಅಂಶ ನಮ್ಮ ನೆರೆಯ ಹಾಡಿಯಲ್ಲಿ, ತಾಂಡಾದಲ್ಲಿ, ಕೊರಗರ ಕೊಪ್ಪದಲ್ಲಿ ನಿರ್ಧಾರವಾಗಿರುತ್ತದೆ ಎಂಬುದನ್ನು ಮರೆಯದಿರೋಣ.